ನಾಟಕಕ್ಕೆ ಸಹಾಯ ಬೇಕು: ಬೀದಿ ಹಲ್ಲೆ ಆದ ಮೇಲೆ ಮನೆಯವರು ಕೋರ್ಟಿಗೆ ಹೋದರೆ ನಿಜಕ್ಕೂ ಏನಾಗುತ್ತದೆ?

ಮೂರನೇ ಬೆಲ್
ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಹವ್ಯಾಸಿ ತಂಡ. ಒಂದೂವರೆ ಗಂಟೆಯ ನಾಟಕ ಬರೆಯುತ್ತಿದ್ದೇನೆ. ಕಥೆ ಇಷ್ಟು. ನಗರದ ಒಂದು ಬೀದಿ, ರಾತ್ರಿ ಹತ್ತು ಗಂಟೆ. ಬೈಕು ಕಾರಿಗೆ ತಾಗಿತು ಅಂತ ಜಗಳ. ಕಾರಿನಿಂದ ಇಳಿದ ಮೂವರು ಹುಡುಗನಿಗೆ ರಾಡಿನಲ್ಲಿ ಹೊಡೆಯುತ್ತಾರೆ. ಇಪ್ಪತ್ತು ಜನ ನೋಡುತ್ತಾ ನಿಂತಿರುತ್ತಾರೆ. ನಾಲ್ಕನೇ ದಿನ ಹುಡುಗ ಆಸ್ಪತ್ರೆಯಲ್ಲಿ ತೀರಿಕೊಳ್ಳುತ್ತಾನೆ. ಅಪ್ಪ, ಅಮ್ಮ, ಅಕ್ಕ ನ್ಯಾಯ ಕೇಳಿಕೊಂಡು ಹೊರಡುತ್ತಾರೆ.

ಮೊದಲ ಅಂಕ ಸಲೀಸಾಗಿ ಬಂತು. ಎರಡನೇ ಅಂಕ ಕೋರ್ಟು. ಅಮ್ಮ ಕಟಕಟೆ ಹತ್ತಿ ಹತ್ತು ನಿಮಿಷ ಮಾತಾಡುತ್ತಾಳೆ. ಆರೋಪಿ ಕುಸಿದು ತಪ್ಪು ಒಪ್ಪಿಕೊಳ್ಳುತ್ತಾನೆ. ಜಡ್ಜ್ ಸುತ್ತಿಗೆ ಕುಟ್ಟುತ್ತಾರೆ. ಓದಿದ ಗೆಳೆಯ "ಇದರಲ್ಲಿ ಒಂದೂ ನಿಜ ಅಲ್ಲ ಕಣೋ" ಅಂದ. ನನಗೆ ಕೋರ್ಟಿನ ಮೆಟ್ಟಿಲು ಹತ್ತಿ ಗೊತ್ತಿಲ್ಲ. ಗೊತ್ತಿರುವವರು ಬೈದಾದರೂ ಹೇಳಿ.

ಕಪ್ಪುಕೋಟು
ಬೈಯುವುದಿಲ್ಲ, ಸುತ್ತಿಗೆಯಿಂದ ಶುರು ಮಾಡೋಣ. ಇಪ್ಪತ್ತು ವರ್ಷದಿಂದ ಕ್ರಿಮಿನಲ್ ಕೇಸು ನಡೆಸುತ್ತಿದ್ದೇನೆ. ಒಬ್ಬ ಜಡ್ಜ್ ಕೈಯಲ್ಲೂ ಸುತ್ತಿಗೆ ನೋಡಿಲ್ಲ. ಗದ್ದಲವಾದರೆ ಕನ್ನಡಕದ ಮೇಲಿನಿಂದ ಒಮ್ಮೆ ನೋಡುತ್ತಾರೆ, ಅಷ್ಟೇ. ಭಗವದ್ಗೀತೆ ಮುಟ್ಟಿಸುವುದೂ ಇಲ್ಲ. 1969ರ ಪ್ರಮಾಣ ಕಾಯ್ದೆ ಇದೆ, ಬಾಯಲ್ಲೇ ಪ್ರಮಾಣ ಮಾಡಿಸುತ್ತಾರೆ.

ಆರೋಪಿ ಕುಸಿದು ಒಪ್ಪಿಕೊಳ್ಳುವುದನ್ನಂತೂ ಮರೆತುಬಿಡಿ. ಸಾಕ್ಷಿಗಳೆಲ್ಲ ಮುಗಿದ ಮೇಲೆ ಜಡ್ಜ್ ಅವನಿಗೆ ಪ್ರಶ್ನೆ ಕೇಳುವುದುಂಟು. ಹಳೇ ಕಾನೂನಿನಲ್ಲಿ ಅದು 313ನೇ ಸೆಕ್ಷನ್, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಬಿಎನ್‌ಎಸ್‌ಎಸ್ 351. ಇಂಥ ಸಾಕ್ಷಿ ಹೀಗೆ ಹೇಳಿದ್ದಾರೆ, ಏನಂತೀರಿ? "ಸುಳ್ಳು." ಇನ್ನೊಬ್ಬರು ಹೀಗೆ ಹೇಳಿದ್ದಾರೆ? "ಸುಳ್ಳು." ನಲವತ್ತು ಪ್ರಶ್ನೆ ಇದ್ದರೆ ನಲವತ್ತು ಸಲ ಸುಳ್ಳು. ನಾಟಕಕ್ಕೆ ಬೇಕಿದ್ದರೆ ಇದನ್ನು ತಗೊಳ್ಳಿ. ಮನೆಯವರು ಹಿಂದಿನ ಬೆಂಚಿನಲ್ಲಿ ಕೂತು ನಲವತ್ತು ಸಲ ಅದನ್ನೇ ಕೇಳುವುದಿದೆಯಲ್ಲ, ನನಗೆ ಅದು ಯಾವ ತಪ್ಪೊಪ್ಪಿಗೆಗಿಂತಲೂ ಜೋರು.

ಘಟನೆ ಯಾವ ವರ್ಷದ್ದು ಅಂತ ಮೊದಲು ತೀರ್ಮಾನ ಮಾಡಿ. 2024ರ ಜುಲೈ 1ಕ್ಕೆ ಮುಂಚೆ ನಡೆದಿದ್ದರೆ ಐಪಿಸಿ, ಕೊಲೆಗೆ 302. ಆಮೇಲಾದರೆ ಭಾರತೀಯ ನ್ಯಾಯ ಸಂಹಿತೆ, ಕೊಲೆಗೆ 103. ಪಾತ್ರಗಳು ಮಾತ್ರ ಈಗಲೂ "ತ್ರೀ ನಾಟ್ ಟೂ" ಅನ್ನಲಿ. ಬಾರ್ ರೂಮಿನಲ್ಲಿ ನಾವೂ ಹಾಗೇ ಅನ್ನುವುದು.

ನೇರನುಡಿ
ಯಾಕೆ ಸ್ವಾಮಿ ಈ ಕೋರ್ಟು ಕಚೇರಿ? ಅಪ್ಪನ ಕೈಗೆ ಒಂದು ಮಚ್ಚು ಕೊಡಿ. ಜನ ಶಿಳ್ಳೆ ಹೊಡೀತಾರೆ.

ಮೂರನೇ ಬೆಲ್
@ನೇರನುಡಿ ಹೊಡೀತಾರೆ, ಗೊತ್ತು. ಅದಕ್ಕೇ ಬೇಡ ಅನ್ಸುತ್ತೆ.

ರಾತ್ರಿಪಾಳಿ
ನಾನು ವೈದ್ಯೆ, ಎಮರ್ಜೆನ್ಸಿಯಲ್ಲಿ ಕೆಲಸ. ನಿಮ್ಮ ಮೊದಲ ಅಂಕದಲ್ಲಿ ಡಾಕ್ಟರ್ "ಪೊಲೀಸ್ ಬರುವವರೆಗೆ ಮುಟ್ಟಲ್ಲ" ಅನ್ನುವ ದೃಶ್ಯ ಇದ್ದರೆ ಕಿತ್ತುಹಾಕಿ. ಇಲ್ಲವಾದರೆ ಅದು ತಪ್ಪು ಅಂತ ಯಾರಾದರೂ ಅವನಿಗೆ ಹೇಳಲಿ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ: ಮೊದಲು ಚಿಕಿತ್ಸೆ, ಕಾಗದ ಆಮೇಲೆ. ಸರ್ಕಾರಿ ಆಗಲಿ ಖಾಸಗಿ ಆಗಲಿ.

ಹಲ್ಲೆ ಅಂತ ಬಂದರೆ ಅದು ಮೆಡಿಕೋ-ಲೀಗಲ್ ಕೇಸು, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು; ಅದನ್ನು ಎಂಎಲ್‌ಸಿ ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಯಾರು ಕರೆತಂದರು, ಎಷ್ಟು ಹೊತ್ತಿಗೆ, ಹೇಗಾಯಿತು ಅಂದರು. ಈ ಮೂರನೇ ಕಾಲಂ ಬಗ್ಗೆ ಎಚ್ಚರ. ಗಾಬರಿಯಲ್ಲಿ ಕರೆತಂದವರು "ಬಿದ್ದುಬಿಟ್ಟ" ಅಂತಾರೆ. ಪೊಲೀಸ್ ಕೇಸಿಗೆ ಸಿಕ್ಕಿಕೊಳ್ತೀವೋ ಅಂತ ಭಯ. ನಾವು ಹಾಗೇ ಬರೆಯುತ್ತೇವೆ. ಎರಡು ವರ್ಷ ಆದಮೇಲೆ ಆರೋಪಿ ವಕೀಲರು ಅದೇ ಸಾಲನ್ನು ಎತ್ತಿ ಹಿಡಿದು "ಬಿದ್ದ ಅಂತ ಬರೆದಿದೆಯಲ್ಲ ಡಾಕ್ಟ್ರೇ?" ಅಂತ ಕೇಳ್ತಾರೆ. ನನ್ನನ್ನೇ ಕೇಳಿದ್ದಾರೆ. ಆ ರಾತ್ರಿ ಹನ್ನೊಂದು ಜನ ಬಂದಿದ್ದರು. ನನಗೆ ಮುಖವೇ ನೆನಪಿರಲಿಲ್ಲ.

ಇನ್ನೊಂದು. ಹುಡುಗ ನಾಲ್ಕು ದಿನ ಬದುಕಿರುತ್ತಾನೆ ಅಂದಿರಿ. ಆ ನಾಲ್ಕು ದಿನದಲ್ಲಿ ಅವನಿಗೆ ಪ್ರಜ್ಞೆ ಬರುತ್ತಾ? ಬಂದರೆ ಮರಣಪೂರ್ವ ಹೇಳಿಕೆ ತಗೋತಾರೆ. ಮಾತಾಡುವ ಸ್ಥಿತಿಯಲ್ಲಿದ್ದಾನಾ ಅಂತ ನಮ್ಮನ್ನು ಕೇಳ್ತಾರೆ. ಮನೆಯವರನ್ನು ಹೊರಗೆ ಕಳಿಸ್ತಾರೆ. ಬಾಗಿಲಿನ ಗಾಜಿನಾಚೆ ನಿಂತ ಅಕ್ಕನಿಗೆ ತಮ್ಮನ ತುಟಿ ಅಲ್ಲಾಡೋದು ಕಾಣುತ್ತೆ, ಮಾತು ಕೇಳಲ್ಲ.

ಮೂರನೇ ಬೆಲ್
@ರಾತ್ರಿಪಾಳಿ ಮೇಡಂ, ಕೊನೆಯ ಸಾಲು ಓದಿ ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಖಾಕಿಮನೆ
ನಮ್ಮಪ್ಪ ಹೆಡ್ ಕಾನ್‌ಸ್ಟೆಬಲ್ ಆಗಿದ್ದವರು. ನಾಟಕದಲ್ಲಿ ಪೊಲೀಸನ್ನು ಹೊಟ್ಟೆ ಡುಮ್ಮ, ಲಂಚಕೋರ ಮಾಡಿ ಮುಗಿಸಬೇಡಿ. ಅದು ಸುಲಭದ ದಾರಿ.

ಸ್ಟೇಷನ್ನಿನಲ್ಲಿ ನಡೆಯೋದು ಬೇರೆ. ಸುಮ್ನೆ ಕೈಯಲ್ಲಿ ಹೊಡೆದ ಪೆಟ್ಟು ಹಳೇ 323. ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ, ಅದಕ್ಕೆ ನಾನ್-ಕಾಗ್ನಿಜಬಲ್ ಅಂತಾರೆ, ಎನ್‌ಸಿ ಅಂತ ಬರೆದು ಚೀಟಿ ಕೊಡ್ತಾರೆ. ಆಯುಧ ಇದ್ದರೆ, ಮೂಳೆ ಮುರಿದಿದ್ದರೆ ಮಾತ್ರ ಎಫ್‌ಐಆರ್ ಖಾತ್ರಿ. ಆದರೆ ಆ ರಾತ್ರಿ ಮೂಳೆ ಮುರಿದಿದೆ ಅಂತ ಯಾರಿಗೆ ಗೊತ್ತು? ಎಕ್ಸ್‌ರೇ ಆಗಿರಲ್ಲ. ಆ ಸಂದಿಯಲ್ಲೇ ಎಷ್ಟೋ ಕೇಸು ಹಗುರಾಗಿಬಿಡುತ್ತೆ. ಕೆಲವು ಸಲ ಬೇಕಂತಲೇ, ಕೆಲವು ಸಲ ಸೋಮಾರಿತನಕ್ಕೆ. ಅಪ್ಪ ಎರಡನ್ನೂ ನೋಡಿದ್ದಾರೆ.

ಕಪ್ಪುಕೋಟು
@ಖಾಕಿಮನೆ ಸರಿಯಾಗಿ ಹೇಳಿದಿರಿ. ರಾಡು ಕಂಡಿದ್ದಾರೆ ಅಂದಮೇಲೆ ನೆಪ ಇಲ್ಲ ಅನ್ನೋದನ್ನೂ ಸೇರಿಸ್ತೇನೆ. ತನಿಖೆ ಮಾಡಲೇಬೇಕಾದಂಥ ಅಪರಾಧ ದೂರಿನಲ್ಲಿ ಕಂಡರೆ ಎಫ್‌ಐಆರ್ ಮಾಡಲೇಬೇಕು. ಲಲಿತಾ ಕುಮಾರಿ ಪ್ರಕರಣ, 2013, ಐವರು ನ್ಯಾಯಮೂರ್ತಿಗಳ ಪೀಠ. "ಅದು ನಮ್ಮ ಲಿಮಿಟ್ಸ್ ಅಲ್ಲ" ಅನ್ನುವ ಡೈಲಾಗೂ ಈಗ ನಡೆಯಲ್ಲ. ಬಿಎನ್‌ಎಸ್‌ಎಸ್ 173 ಬಂದ ಮೇಲೆ ಯಾವ ಸ್ಟೇಷನ್ನಿನಲ್ಲಾದರೂ ದೂರು ತಗೋಬೇಕು, ಜೀರೋ ಎಫ್‌ಐಆರ್. ನಕಲು ಉಚಿತ. ತಗೊಳ್ಳದಿದ್ದರೆ ಎಸ್‌ಪಿಗೆ ಬರೆದು ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ಹೊಸ ಸಂಹಿತೆಯಲ್ಲಿ ಒಂದು ಸಂದು ಇದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ, ಡಿಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು. ಈ ಹದಿನಾಲ್ಕು ದಿನದಲ್ಲಿ ರಾಜಿ ಮಾತು ಜೋರಾಗಿ ಓಡುತ್ತೆ.

ಸಂಜೆಬಸ್ಸು
ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾನು ಅಂಥ ಮನೆಯ ಅಕ್ಕ. ನನ್ನ ತಮ್ಮ ಬದುಕಿದ್ದಾನೆ. ಕೇಸು ಹಳೇ ಕಾನೂನಿನ ಕಾಲದ್ದು.

ಕಾರಿಗೆ ಗೀಚಿದ ಅಂತ ಜಗಳ. ನಿಮ್ಮ ಕಥೆಯ ಹಾಗೇ ಮೂವರು. ದವಡೆ ಮುರಿದಿತ್ತು, ಬಲಗೈ ಮುರಿದಿತ್ತು. ಸ್ಟೇಷನ್ನಿನಲ್ಲಿ ಮೊದಲು ಎನ್‌ಸಿ ಚೀಟಿ ಕೊಟ್ಟರು. ವೂಂಡ್ ಸರ್ಟಿಫಿಕೇಟ್ ಬಂದಮೇಲೆ 326, ಅಂದರೆ ಆಯುಧದಿಂದ ತೀವ್ರ ಗಾಯ ಮಾಡಿದ ಸೆಕ್ಷನ್ ಹಾಕಿದರು. ಅದಕ್ಕೆ ಮುಂಚೆಯೇ ಅವರ ಕಡೆಯಿಂದ ಕೌಂಟರ್ ಕೇಸು ಬಿದ್ದಿತ್ತು. ನನ್ನ ತಮ್ಮ ಕಾರು ಜಖಂ ಮಾಡಿ ಅವಾಚ್ಯವಾಗಿ ಬೈದನಂತೆ. ದವಡೆಗೆ ತಂತಿ ಹಾಕಿಸಿಕೊಂಡು ಬಾಯಿ ತೆರೆಯಲಾಗದೆ ಮಲಗಿದ್ದವನ ಮೇಲೆ ಬೈದ ಅಂತ ಕೇಸು. ಆಗ ನಗು ಬಂತು. ಆಮೇಲೆ ಬರಲಿಲ್ಲ. ಯಾಕೆಂದರೆ ಮುಂದಿನದೆಲ್ಲ ಆ ಕೌಂಟರ್ ಕೇಸಿನ ಮೇಲೇ ನಿಂತಿತು. "ಅವರೂ ವಾಪಸ್ ತಗೋತಾರೆ, ನೀವೂ ತಗೊಳ್ಳಿ. ಹುಡುಗನ ಭವಿಷ್ಯ ನೋಡಿ." ಇದನ್ನು ಹೇಳಿದವರು ಆರೋಪಿಗಳಲ್ಲ. ನಮ್ಮ ನೆಂಟರು, ಅಪ್ಪನ ಆಫೀಸಿನವರು, ಒಳ್ಳೆಯವರು.

326 ರಾಜಿ ಮಾಡಿಕೊಳ್ಳುವ ಸೆಕ್ಷನ್ ಅಲ್ಲ ಅಂತ ನಮ್ಮ ವಕೀಲರು ಹೇಳಿದರು. ಅದಕ್ಕೂ ದಾರಿ ಇತ್ತು. "ರಾಜಿ ಅಂತ ಬರೆದು ಕೊಡೋದು ಬೇಡಮ್ಮ. ಸಾಕ್ಷಿ ಹೇಳುವಾಗ ಗುರುತು ಸಿಗ್ತಿಲ್ಲ ಅಂದರೆ ಸಾಕು." ನಮ್ಮ ಜಗಲಿಯಲ್ಲಿ ಕೂತು, ತಮ್ಮನ ಎದುರಿಗೇ ಹೇಳಿದರು.

ಅಪ್ಪ ಈಗಲೂ ಬೆಳಗ್ಗೆ ಎದ್ದು ಹವಾಮಾನ ನೋಡುವ ಹಾಗೆ ಫೋನಿನಲ್ಲಿ ಕೇಸ್ ಸ್ಟೇಟಸ್ ನೋಡ್ತಾರೆ. ಇ-ಕೋರ್ಟ್ಸ್ ಆಪ್. ಹದಿನಾರು ಅಕ್ಷರದ ಸಿಎನ್‌ಆರ್ ನಂಬರ್ ಬಾಯಿಪಾಠ. ನನ್ನ ಫೋನ್ ನಂಬರ್ ಕೇಳಿದರೆ ತಡವರಿಸ್ತಾರೆ.

ಮೂರನೇ ಬೆಲ್
ಅಕ್ಕಾ, ಬರೆದಿದ್ದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಕೇಳಬಹುದಾದರೆ ಒಂದು ಪ್ರಶ್ನೆ. ಬೇಡ ಅನಿಸಿದರೆ ಬಿಟ್ಟುಬಿಡಿ. ನೋಡುತ್ತಾ ನಿಂತಿದ್ದವರು ಏನಾದರು?

ಸಂಜೆಬಸ್ಸು
ಚಾರ್ಜ್‌ಶೀಟಿನಲ್ಲಿ ಹದಿನಾಲ್ಕು ಸಾಕ್ಷಿ. ಕಣ್ಣಾರೆ ಕಂಡವರು ಐದು. ಮೂವರು ತಿರುಗಿ ಬಿದ್ದರು. ಒಬ್ಬರು ಊರು ಬಿಟ್ಟು ಹೋಗಿದ್ದರು, ಸಮನ್ಸ್ ಜಾರಿ ಆಗಲೇ ಇಲ್ಲ. ಉಳಿದವರು ಒಬ್ಬರೇ. ರಾತ್ರಿ ಕಾವಲಿನ ಮುದುಕರು. ಅವರು ಮಾತ್ರ ಮೂವರನ್ನೂ ಬೆರಳು ತೋರಿಸಿ ಗುರುತಿಸಿದರು. ಪಾಟಿ ಸವಾಲಿನಲ್ಲಿ "ನಿಮಗೆ ಕಣ್ಣಿನ ಪೊರೆ ಇದೆ ಅಲ್ವಾ?" ಅಂತ ಕೇಳಿದಾಗ "ಇದೆ. ಆದ್ರೆ ಅವತ್ತು ಇರ್ಲಿಲ್ಲ. ಕೋರ್ಟಿಗೆ ಬಂದೂ ಬಂದೂ ಬೆಳೀತು" ಅಂದರು. ಇಡೀ ಹಾಲ್ ನಕ್ಕಿತು, ಜಡ್ಜ್ ಕೂಡ.

ಎರಡನೇ ಸಾಲು
ಈ ಮುದುಕರನ್ನು ನಾಟಕದಲ್ಲಿ ಹಾಕಲಿಲ್ಲ ಅಂದರೆ ನಾನು ಟಿಕೆಟ್ ತಗೊಳ್ಳಲ್ಲ.

ಹಳೇ ಶಿರಸ್ತೇದಾರ
ಮೂವತ್ತಕ್ಕೂ ಜಾಸ್ತಿ ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ನಾಟಕದವರಿಗೆ ಎರಡು ಮಾತು.

ಅಮ್ಮನ ಭಾಷಣ ಸಾಧ್ಯವಿಲ್ಲ. ಸಾಕ್ಷಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕು. ಆಕೆ ಹೇಳಿದ್ದನ್ನು ಜಡ್ಜ್ ಒಂದು ಹದಕ್ಕೆ ತಂದು ಸ್ಟೆನೋಗೆ ಹೇಳ್ತಾರೆ, ಅದು ಟೈಪ್ ಆಗುತ್ತೆ. ತಾಯಿ ಕಣ್ಣೀರಿಟ್ಟು ಕಾಲು ಗಂಟೆ ಹೇಳಿದ್ದು ಕಾಗದಕ್ಕೆ ಇಳಿದಾಗ ಹೀಗಿರುತ್ತೆ: "ಸದರಿ ದಿನ ರಾತ್ರಿ ಸುಮಾರು 10-30 ಗಂಟೆಗೆ ನನಗೆ ಫೋನ್ ಬಂತು. ನಾನು ಆಸ್ಪತ್ರೆಗೆ ಹೋದೆ. ನನ್ನ ಮಗ ಮಾತನಾಡುವ ಸ್ಥಿತಿಯಲ್ಲಿರಲಿಲ್ಲ." ಮೂರು ಸಾಲು. ಓದಿ ಹೇಳಿ ಸಹಿ ಮಾಡಿ ಅಂತೇವೆ. ಎಷ್ಟೋ ತಾಯಂದಿರು ಕಾಗದವನ್ನು ತಿರುಗಿಸಿ ಹಿಂದೆ ನೋಡಿದ್ದನ್ನು ನಾನು ಕಂಡಿದ್ದೇನೆ. ಇನ್ನೂ ಇರಬೇಕಲ್ಲ ಅಂತ.

ಎರಡನೆಯದು. ಸಾಕ್ಷಿಯಾಗಿರುವ ಮನೆಯವರು ತಮ್ಮ ಸರದಿ ಬರುವವರೆಗೆ ಹಾಲ್ ಒಳಗೆ ಕೂರುವ ಹಾಗಿಲ್ಲ. ನಿಮ್ಮ ರಂಗದ ಮೇಲೆ ಅಪ್ಪ, ಅಮ್ಮ, ಅಕ್ಕ ಒಟ್ಟಿಗೆ ಬೆಂಚಿನಲ್ಲಿ ಕೂತಿರುತ್ತಾರೆ ಅಲ್ವಾ? ಇಲ್ಲ. ಅವರು ಕಾರಿಡಾರಿನಲ್ಲಿ. ಎದುರಿನ ಗೋಡೆಗೆ ಒರಗಿ ಆರೋಪಿಗಳು, ಜಾಮೀನಿನ ಮೇಲೆ ಇರುವವರು. ಆರು ಅಡಿ ದೂರ. ಕರೆಯುವವನು ಬಂದು ಹೆಸರು ಮೂರು ಸಲ ಕೂಗುವವರೆಗೆ ಎರಡೂ ಕಡೆಯವರು ಒಂದೇ ಫ್ಯಾನಿನ ಕೆಳಗೆ.

ಮೂರನೇ ಬೆಲ್
ಸರ್, ಎರಡನೇ ಅಂಕ ಪೂರ್ತಿ ಕಾರಿಡಾರಿನಲ್ಲೇ ನಡೆದರೆ? ಕೋರ್ಟ್ ಹಾಲ್ ಕಾಣಿಸುವುದೇ ಬೇಡ. ಬಾಗಿಲು ತೆರೆದಾಗ ಒಳಗಿನ ಒಂದೆರಡು ಮಾತು ಮಾತ್ರ ಕೇಳಿಸಲಿ.

ಹಳೇ ಶಿರಸ್ತೇದಾರ
ಈಗ ದಾರಿಗೆ ಬಂದಿರಿ.

ನೇರನುಡಿ
ಸರಿ, ಮಚ್ಚು ಬೇಡ. ಆದ್ರೆ ಒಂದು ಕೇಳ್ತೀನಿ. ಈಗ ಎಲ್ಲೆಲ್ಲೂ ಸಿಸಿಟಿವಿ ಇದೆ. ವಿಡಿಯೋ ಹಾಕಿ ತೋರಿಸಿದರೆ ಮುಗೀತಲ್ವಾ? ಇಷ್ಟೆಲ್ಲಾ ಸಾಕ್ಷಿ ಯಾಕೆ?

ಕಪ್ಪುಕೋಟು
ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಕ್ಯಾಮೆರಾದ ರೆಕಾರ್ಡರ್ (ಡಿವಿಆರ್) ತುಂಬಿದ ಮೇಲೆ ಹಳೇದರ ಮೇಲೇ ಹೊಸದು ಬರೆಯುತ್ತೆ. ಕೆಲವು ಕಡೆ ವಾರ, ಕೆಲವು ಕಡೆ ತಿಂಗಳು. ಪೊಲೀಸರು ಬರುವಷ್ಟರಲ್ಲಿ ಆ ರಾತ್ರಿ ಅಳಿಸಿಹೋಗಿರುತ್ತೆ. ಮನೆಯವರು ಮಾಡಬಹುದಾದ ಮೊದಲ ಕೆಲಸ ಇದೇ. ಬೀದಿಯುದ್ದಕ್ಕೂ ನಡೆದು ಎಲ್ಲೆಲ್ಲಿ ಕ್ಯಾಮೆರಾ ಇದೆ ನೋಡಿ, ಉಳಿಸಿಡಿ ಅಂತ ಕೈಮುಗಿಯುವುದು, ತನಿಖಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೊಳ್ಳುವುದು.

ಸಿಕ್ಕರೂ ಮುಗಿಯಲ್ಲ. ನಕಲು ಮಾಡಿ ತಂದರೆ ಅದರ ಜೊತೆ ಪ್ರಮಾಣಪತ್ರ ಬೇಕು. ಹಳೇ 65ಬಿ, ಈಗ ಸಾಕ್ಷ್ಯ ಅಧಿನಿಯಮದ 63. ಅದಿಲ್ಲದೆ ಆಗಲ್ಲ ಅಂತ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ತೀರ್ಪಿನಲ್ಲಿ ಖಚಿತವಾಗಿ ಹೇಳಿದ್ದಾರೆ. ಒಂದು ಕಾಗದ ಇಲ್ಲ ಅಂತ ಇಡೀ ವಿಡಿಯೋ ಪಕ್ಕಕ್ಕೆ ಹೋಗಿದ್ದು ನೋಡಿದ್ದೇನೆ. ಮನೆಯವರು ಅದನ್ನು ನೂರು ಸಲ ಫೋನಿನಲ್ಲಿ ನೋಡಿರುತ್ತಾರೆ. ಅವರಿಗೆ ಇದನ್ನು ಹೇಗೆ ಅರ್ಥ ಮಾಡಿಸೋದು ಹೇಳಿ.

ಇನ್ನು ಕೊಲೆಯೋ ಅಲ್ಲವೋ ಅನ್ನುವುದು. ನಿಮ್ಮ ನಾಟಕದಲ್ಲಿ ಹುಡುಗ ಸಾಯುತ್ತಾನೆ. ಮೊದಲು ಕೊಲೆ ಯತ್ನ ಅಂತ ಇರುತ್ತೆ, ಸತ್ತ ದಿನ ತನಿಖಾಧಿಕಾರಿ ಸೆಕ್ಷನ್ ಬದಲಿಸಲು ಕೋರ್ಟಿಗೆ ಬರೆದುಕೊಡ್ತಾರೆ. ಅಲ್ಲಿಂದ ಶುರು ನಮ್ಮ ಜಗಳ. ಸಾಯಿಸಲು ಅಂತಲೇ ಹೊಡೆದರಾ, ಅಥವಾ ದಿಢೀರ್ ಜಗಳದ ಸಿಟ್ಟಿನಲ್ಲಿ ಹೊಡೆದಿದ್ದು ಸಾವಾಯಿತಾ? ಮೊದಲನೆಯದಕ್ಕೆ ಕನಿಷ್ಠ ಜೀವಾವಧಿ. ಎರಡನೆಯದಕ್ಕೆ ಕೆಲವೇ ವರ್ಷ ಆಗಬಹುದು. ರಾಡು ಕಾರಿನಲ್ಲಿ ಮೊದಲೇ ಇತ್ತಾ, ಬೀದಿಯಲ್ಲಿ ಸಿಕ್ಕಿದ್ದಾ? ಎಷ್ಟು ಪೆಟ್ಟು? ಬಿದ್ದ ಮೇಲೂ ಹೊಡೆದರಾ? ಇಂಥ ಪ್ರಶ್ನೆಗಳು. ಮಗನ ತಲೆಗೆ ಎಷ್ಟು ಪೆಟ್ಟು ಬಿತ್ತು ಅಂತ ಇಬ್ಬರು ವಕೀಲರು ಲೆಕ್ಕ ಹಾಕುವುದು ಅರ್ಧ ತೆರೆದ ಬಾಗಿಲಿನಿಂದ ಅಪ್ಪನಿಗೆ ಕೇಳಿಸಲಿ.

ಎರಡನೇ ಸಾಲು
ಒಂದು ಸಂದೇಹ. ಮನೆಯವರು ಇಲ್ಲಿ ಬರೀ ನೋಡುವವರಾ? ಸರ್ಕಾರಿ ವಕೀಲರೇ ಎಲ್ಲಾ ಮಾಡೋದಾ?

ಕಪ್ಪುಕೋಟು
ಮೊದಲು ಹಾಗೇ ಇತ್ತು. ಕೇಸಿನ ಹೆಸರೇ "ಸರ್ಕಾರ ವಿರುದ್ಧ ಇಂಥವರು". ಹೊಡೆತ ತಿಂದವನ ಹೆಸರು ಮೇಲೆ ಎಲ್ಲೂ ಇರಲ್ಲ. ನಿಧಾನಕ್ಕೆ ಬದಲಾಗಿದೆ. ಸ್ವಂತ ವಕೀಲರನ್ನು ಇಟ್ಟು ಸರ್ಕಾರಿ ವಕೀಲರಿಗೆ ನೆರವಾಗಬಹುದು. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರೇ ತಿಳಿಸಬೇಕು ಅಂತ ಬಿಎನ್‌ಎಸ್‌ಎಸ್‌ನಲ್ಲಿದೆ. ಬಿ ರಿಪೋರ್ಟ್ ಹಾಕಿ ಕೇಸು ಮುಚ್ಚಿದರೆ ತಕರಾರು ಅರ್ಜಿ ಹಾಕಬಹುದು. ಜಾಮೀನಿನ ಹಂತದಲ್ಲೂ ಸಂತ್ರಸ್ತರ ಮಾತು ಕೇಳಬೇಕು ಅಂತ ಲಖೀಂಪುರ ಖೇರಿ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮೇಲ್ಮನವಿಯ ಹಕ್ಕಂತೂ ನಮ್ಮ ರಾಜ್ಯದ ಕೇಸಿನಿಂದಲೇ ಗಟ್ಟಿಯಾಯಿತು. ಮಲ್ಲಿಕಾರ್ಜುನ ಕೊಡಗಲಿ ವಿರುದ್ಧ ಕರ್ನಾಟಕ ಸರ್ಕಾರ, ಅಕ್ಟೋಬರ್ 2018. ಕೊಡಗಲಿ 2009ರಲ್ಲಿ ಹಲ್ಲೆಗೆ ಒಳಗಾದವರು. ಆರೋಪಿಗಳು ಬಿಡುಗಡೆಯಾದಾಗ ಮೇಲ್ಮನವಿ ಹಾಕಲು ಹೋದರು. ಸಂತ್ರಸ್ತರು ಅದಕ್ಕೆ ಹೈಕೋರ್ಟಿನ ವಿಶೇಷ ಅನುಮತಿ ಕೇಳಬೇಕಿಲ್ಲ ಅಂತ ಇಬ್ಬರು ನ್ಯಾಯಮೂರ್ತಿಗಳು ಹೇಳಿದರು, ಒಬ್ಬರು ಒಪ್ಪಲಿಲ್ಲ. ಗೆದ್ದದ್ದನ್ನು ನೋಡಲು ಅವರು ಇರಲಿಲ್ಲ. ತೀರ್ಪಿನ ಶೀರ್ಷಿಕೆಯಲ್ಲೇ ಹೆಸರಿನ ಪಕ್ಕ "ಮೃತ" ಅಂತ ಬರೆದಿದೆ, ಮುಂದುವರಿಸಿದ್ದು ವಾರಸುದಾರರು.

ಹಾಗೇ, ಖರ್ಚಿನ ಭಯ ಇರುವ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗ್ತಾರೆ. ಸಂತ್ರಸ್ತರ ಪರಿಹಾರ ಯೋಜನೆ ನಮ್ಮ ರಾಜ್ಯದಲ್ಲಿ 2011ರಿಂದ ಇದೆ. ಆರೋಪಿ ಯಾರು ಅಂತ ಪತ್ತೆಯಾಗದಿದ್ದರೂ ಅರ್ಜಿ ಹಾಕಬಹುದು. ಸಾಕ್ಷಿಗೆ ಬೆದರಿಕೆ ಇದ್ದರೆ 2018ರ ಸಾಕ್ಷಿ ರಕ್ಷಣಾ ಯೋಜನೆ ಇದೆ. ಕೇಳುವವರು ಕಡಿಮೆ.

ಖಾಕಿಮನೆ
ಅಂದಹಾಗೆ, ಪುಸ್ತಕದಲ್ಲಿ ಎರಡಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಅಂತ ಬಂದಿದೆಯಂತೆ, ಹೌದಾ?

ಕಪ್ಪುಕೋಟು
ಬಂದಿದೆ. ಬಿಎನ್‌ಎಸ್‌ಎಸ್ 346ನೇ ಸೆಕ್ಷನ್. ಮುಂದಿನ ವಾಯಿದೆಯಲ್ಲಿ ಮಾತಾಡೋಣ.

ರಾತ್ರಿಪಾಳಿ
😂

ಮೂರನೇ ಬೆಲ್
ಸಂಜೆಬಸ್ಸು ಅಕ್ಕಾ, ನಿಮ್ಮ ತಮ್ಮ ಸಾಕ್ಷಿ ಹೇಳಿದ ದಿನ ಹೇಗಿತ್ತು? ಇದೇ ನನ್ನ ಕೊನೆಯ ಪ್ರಶ್ನೆ.

ಸಂಜೆಬಸ್ಸು
ಎರಡು ವರ್ಷ ಏಳು ತಿಂಗಳ ಮೇಲೆ ಅವನ ಸರದಿ ಬಂತು. ಅದಕ್ಕೆ ಮುಂಚೆ ಆರು ಸಲ ಹೋಗಿ ವಾಪಸ್ ಬಂದಿದ್ದೆವು. ನಾನು ಸಾಕ್ಷಿ ಅಲ್ಲ, ಹಾಗಾಗಿ ಒಳಗಿದ್ದೆ. ಅಮ್ಮ ಸಾಕ್ಷಿ, ಕಾರಿಡಾರಿನಲ್ಲಿದ್ದರು.

ಒಂದು ಕಂದು ಬಣ್ಣದ ಕವರ್ ತಂದರು. ಮುದ್ದೆಮಾಲು ಅಂತಾರಲ್ಲ, ಕೋರ್ಟಿಗೆ ಸಾಕ್ಷ್ಯವಾಗಿ ಒಪ್ಪಿಸಿದ ವಸ್ತು. ಅದರೊಳಗೆ ಅವತ್ತಿನ ಅಂಗಿ. ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದಿದ್ದು, ಎರಡು ತುಂಡು. ರಟ್ಟಿನ ಹಾಗೆ ಬಿಗಿದುಕೊಂಡಿತ್ತು. ರಕ್ತ ಕೆಂಪಗಿರಲಿಲ್ಲ, ತುಕ್ಕಿನ ಬಣ್ಣ. ಇದು ನಿಮ್ಮದೇ ಅಂತ ಹೇಗೆ ಹೇಳ್ತೀರಿ ಅಂತ ಕೇಳಿದರು. ತಮ್ಮ ಬಹಳ ಹೊತ್ತು ನೋಡಿದ. ಅವನಿಗೆ ಈಗಲೂ ಮಾತು ಸ್ವಲ್ಪ ತೊದಲುತ್ತೆ. "ಮೂರನೇ ಗುಂಡಿ" ಅಂದ. "ಅಮ್ಮ ನೀಲಿ ದಾರದಲ್ಲಿ ಹೊಲಿದಿದ್ದಾರೆ. ಬಿಳಿ ದಾರ ಖಾಲಿಯಾಗಿತ್ತು."

ಆರೋಪಿ ವಕೀಲರು ಎದ್ದು ಇಂಥ ಅಂಗಿ ಎಲ್ಲಾ ಕಡೆ ಸಿಗುತ್ತೆ ಅಂದರೆ ಸರಿಯೇ ಅಂದರು. "ಸಿಗುತ್ತೆ" ಅಂದ. ಎಂ.ಒ. 1, ಅಂದರೆ ಒಂದನೇ ಮುದ್ದೆಮಾಲು ಅಂತ ಗುರುತು ಹಾಕಿದರು.

ಹೊರಗೆ ಬಂದಾಗ ಅಮ್ಮ "ಏನು ಕೇಳಿದ್ರು?" ಅಂದರು. ನಾವಿಬ್ಬರೂ "ಏನಿಲ್ಲ" ಅಂದೆವು. ಅಮ್ಮನಿಗೆ ಗುಂಡಿಯ ವಿಷಯ ಇವತ್ತಿಗೂ ಗೊತ್ತಿಲ್ಲ.

ಇಬ್ಬರಿಗೆ ಶಿಕ್ಷೆ ಆಯಿತು, 326ರಿಂದ 325ಕ್ಕೆ ಇಳಿಸಿ. ಆಯುಧದ ಮಾತಿಲ್ಲದ ತೀವ್ರ ಗಾಯದ ಸೆಕ್ಷನ್ ಅದು. ಒಬ್ಬ ಬಿಡುಗಡೆಯಾದ. ಅವರೂ ಅಪೀಲು ಹಾಕಿದ್ದಾರೆ, ನಾವೂ ಹಾಕಿದ್ದೇವೆ.

ಹಳೇ ಶಿರಸ್ತೇದಾರ
ತಾಯೀ, ಇಂಥ ಕವರುಗಳನ್ನು ನೂರಾರು ಬಿಚ್ಚಿದ್ದೇನೆ. ಒಂದು ಸಲವೂ ಗುಂಡಿ ನೋಡಲಿಲ್ಲ.

ಮೂರನೇ ಬೆಲ್
ಎರಡನೇ ಅಂಕ ಹೊಸದಾಗಿ ಬರೆದೆ. ಕಾರಿಡಾರ್, ಒಂದು ಬೆಂಚು, ಒಂದು ಫ್ಯಾನು. ಹುಡುಗ ಸಾಯುವುದಿಲ್ಲ, ಬದುಕುತ್ತಾನೆ. ಭಾಷಣ ತೆಗೆದೆ. ಕೊನೆಗೆ ಗುಮಾಸ್ತ ಕವರ್ ಹರಿದು ಅಂಗಿ ಎತ್ತಿ ಹಿಡಿಯುತ್ತಾನೆ, ತೆರೆದ ಬಾಗಿಲಿನಿಂದ ಅಮ್ಮನಿಗೆ ಕಾಣುತ್ತದೆ. ಅಲ್ಲಿಗೆ ಬೆಳಕು ಆರುತ್ತದೆ. ಅಕ್ಕಾ, ನೀವು ಒಪ್ಪಿದರೆ ಮಾತ್ರ ಗುಂಡಿ ಇಟ್ಟುಕೊಳ್ಳುತ್ತೇನೆ.

ಸಂಜೆಬಸ್ಸು
ಗುಂಡಿ ಇಟ್ಟುಕೊಳ್ಳಿ. ದಾರದ ಬಣ್ಣ ಬದಲಿಸಿ. ಅಮ್ಮ ನಾಟಕ ನೋಡಲು ಬಂದರೂ ಬರಬಹುದು.

ಒಂದು ತಿದ್ದುಪಡಿ. ಕವರ್ ಹರಿಯಲ್ಲ. ಮೊದಲು ಅರಗಿನ ಸೀಲು ಎಲ್ಲರಿಗೂ ತೋರಿಸಿದರು, ಆಮೇಲೆ ಅಂಚನ್ನು ಕತ್ತರಿಯಲ್ಲಿ ನಿಧಾನಕ್ಕೆ ಬಿಡಿಸಿದರು. ಮುಗಿದ ಮೇಲೆ ಅಂಗಿ ಮಡಚಿ ವಾಪಸ್ ಹಾಕಿ ಕಟ್ಟಿದರು. ಅಪೀಲು ಮುಗಿಯುವವರೆಗೆ ಅಲ್ಲೇ ಇರುತ್ತಂತೆ.